ಮುಂಬಯಿಯಿಂದ ಮದರಾಸಿಗೆ: ನಮ್ಮ ನೆತ್ತಿಯ ಮೇಲಿನ ದಾರಿ

ಶಾಲೆಯ ಗೋಡೆಗೆ ತೂಗುಹಾಕಿದ ಭಾರತದ ಭೂಪಟದಲ್ಲಿ ಮುಂಬಯಿಯ ಮೇಲೊಂದು, ಮದರಾಸಿನ ಮೇಲೊಂದು ಗುಂಡುಸೂಜಿಯನ್ನು ಚುಚ್ಚಿ, ಎರಡಕ್ಕೂ ಒಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಆ ದಾರವು ಯಾವ ಯಾವ ಊರುಗಳ ಮೇಲೆ ಹಾದುಹೋಗುತ್ತದೆಂಬುದನ್ನು ನಮ್ಮಲ್ಲಿ ಬಹಳ ಮಂದಿ ನೋಡಿರಲಾರರು. ಸಹ್ಯಾದ್ರಿಯನ್ನು ದಾಟಿದ ಮೇಲೆ ಅದು ಜತ್ತದ ಬಯಲಿಗೆ ಬರುತ್ತದೆ. ಅಲ್ಲಿಂದ ವಿಜಾಪುರದ ಮಗ್ಗುಲಲ್ಲಿ ಸಾಗಿ, ಕೃಷ್ಣೆಯನ್ನು ಹಾಯ್ದು, ಲಿಂಗಸುಗೂರು ಸಿಂಧನೂರುಗಳ ಸೀಮೆಯನ್ನು ಸವರಿಕೊಂಡು, ತುಂಗಭದ್ರೆಯನ್ನು ದಾಟುತ್ತದೆ. ಆಮೇಲೆ ಆದವಾನಿಗೂ ಆಲೂರಿಗೂ ನಡುವೆ ನಮ್ಮ ನೆತ್ತಿಯ ಮೇಲೆಯೇ ಹಾದು, ಗುತ್ತಿಯ ಕೋಟೆಯ ಹತ್ತಿರ ಇಳಿದು, ತಿರುಪತಿಯ ಬೆಟ್ಟಗಳ ಪಕ್ಕದಿಂದ ಸಮುದ್ರದ ದಡವನ್ನು ಸೇರುತ್ತದೆ. ದಾರದ ಉದ್ದವನ್ನು ಭೂಪಟದ ಅಳತೆಗೋಲಿನಿಂದ ಲೆಕ್ಕಹಾಕಿದರೆ ಸುಮಾರು 1,030 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 640 ಮೈಲಿ. ಎರಡು ಮಹಾನಗರಗಳನ್ನು ಕೂಡಿಸುವ ಈ ಗೆರೆಯ ಮೇಲೆ ಕನ್ನಡ ಮಾತನಾಡುವ ನೆಲವೂ ಒಂದು ದೊಡ್ಡ ಪಾಲಾಗಿ ಬಿದ್ದಿರುವುದೊಂದು ವಿನೋದ.

ಈ ದೂರವನ್ನು ಮನುಷ್ಯರು ಯಾವ ಯಾವ ಕಾಲದಲ್ಲಿ ಎಷ್ಟೆಷ್ಟು ಹೊತ್ತಿನಲ್ಲಿ ದಾಟಿದರು, ದಾಟುವಾಗ ನಮ್ಮ ಸೀಮೆಯ ನೆಲವನ್ನು ಮುಟ್ಟಿದರೋ ಇಲ್ಲವೋ ಎಂಬುದನ್ನು ತಿಳಿದಮಟ್ಟಿಗೆ ಈ ಸಂಚಿಕೆಯ ವಾಚಕರಿಗೆ ಹೇಳಬೇಕೆಂಬುದು ನಮ್ಮ ಅಪೇಕ್ಷೆ. ಮುಂಬಯಿಯ ಇಂಗ್ಲಿಷ್ ಹೆಸರು 1995ರಲ್ಲಿ ಬದಲಾಯಿತು, ಮದರಾಸು 1996ರಲ್ಲಿ ಚೆನ್ನೈ ಆಯಿತು. ಹಳೆಯ ಸಂಗತಿಗಳನ್ನು ಹೇಳುವಾಗ ಹಳೆಯ ಹೆಸರೇ ನಾಲಗೆಗೆ ಬರುವುದರಿಂದ ಅದನ್ನೇ ಉಳಿಸಿಕೊಂಡಿದ್ದೇವೆ.

ನಮ್ಮ ಹಿರಿಯರು ದೂರವನ್ನು ಅಳೆದದ್ದು ಹರದಾರಿಯಲ್ಲಿ, ಗಾವುದದಲ್ಲಿ. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಆದರೆ ಆ ಮೂರು ಮೈಲಿ ಊರಿಂದೂರಿಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅದಕ್ಕಿಂತಲೂ ನಂಬಿಕೆಯ ಅಳತೆಯೆಂದರೆ ಕಾಲವೇ. "ಒಂದು ಹಗಲಿನ ದಾರಿ", "ಎರಡು ಬೀಡಿನ ದಾರಿ" ಎಂದು ಹೇಳಿದರೆ ಕೇಳಿದವನಿಗೆ ಬುತ್ತಿಯನ್ನೆಷ್ಟು ಕಟ್ಟಿಕೊಳ್ಳಬೇಕೆಂಬುದು ತಿಳಿಯುತ್ತಿತ್ತು. ಎತ್ತಿನ ಗಾಡಿ ತಾಸಿಗೆ ಎರಡು ಎರಡೂವರೆ ಮೈಲಿ ನಡೆಯುವುದು. ದಿನಕ್ಕೆ ಹದಿನೈದು ಮೈಲಿ ಸಾಗಿದರೆ ಎತ್ತುಗಳಿಗೆ ಅದು ಸಾಕು. ದಾರಿಯ ಸುತ್ತುಬಳಸನ್ನು ಕೂಡಿಸಿ ಎಂಟುನೂರು ಮೈಲಿಯೆಂದು ಹಿಡಿದರೆ, ಮುಂಬಯಿಯಿಂದ ಮದರಾಸಿಗೆ ಗಾಡಿಯ ಪ್ರಯಾಣ ಹತ್ತಿರಹತ್ತಿರ ಎರಡು ತಿಂಗಳು. ಹೊಳೆಗಳು ತುಂಬಿ ಬಂದರೆ ಹರಿಗೋಲಿನ ದಡದಲ್ಲಿ ಕಾಯಬೇಕಾದ ದಿನಗಳು ಬೇರೆ. ಗಾಡಿಗಿಂತ ವೇಗವಾಗಿ ಸಾಗುತ್ತಿದ್ದುದು ಓಟಗಾರನ ಕೈಯಲ್ಲಿದ್ದ ಕಾಗದ ಮಾತ್ರ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಏರ್ಪಡಿಸಿದ ಅಂಚೆಯ ವ್ಯವಸ್ಥೆ ಇಂಥದು; ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಚೀಲ ದಾಟಿ ಓಡುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಟಪಾಲಿನಲ್ಲಿ ಲೀನವಾಯಿತಾದರೂ ಅಂಚೆಯೆಂಬ ಮಾತು ನಮ್ಮಲ್ಲಿ ಉಳಿಯಿತು.

ಈ ದೂರವು ನಿಜವಾಗಿ ಎಷ್ಟೆಂಬುದು 1800ರ ತನಕ ಯಾರಿಗೂ ನಿಶ್ಚಯವಾಗಿ ತಿಳಿದಿರಲಿಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಉಕ್ಕಿನ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದು, ಅದರ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮ ಸಮುದ್ರದವರೆಗೆ ಹೋದನು. ಆಗಿನ ಭೂಪಟಗಳು ಮದರಾಸಿನ ನೇರದಲ್ಲಿ ನಮ್ಮ ಪರ್ಯಾಯದ್ವೀಪದ ಅಗಲವನ್ನು 400 ಮೈಲಿಯೆಂದು ತೋರಿಸುತ್ತಿದ್ದವು. ಅಳೆದು ನೋಡಲಾಗಿ ಅದು 360 ಮೈಲಿ ಮಾತ್ರವಿತ್ತು. ನಲವತ್ತು ಮೈಲಿಯಷ್ಟು ನೆಲ ಕಾಗದದ ಮೇಲಷ್ಟೇ ಇದ್ದಿತೆನ್ನಬೇಕು! ಅವನ ಆಧಾರರೇಖೆಗಳಲ್ಲೊಂದು ನಮ್ಮ ನೆರೆಯ ಗುತ್ತಿಯ ಬಳಿಯಲ್ಲಿಯೂ ಅಳೆಯಲ್ಪಟ್ಟಿತು. ಈಗ ನಾವು ದಾರ ಎಳೆದು "ಇಷ್ಟು ಕಿಲೋಮೀಟರು" ಎಂದು ಧೈರ್ಯವಾಗಿ ಹೇಳುವುದು ಆ ಸರಪಳಿಯ ಬಲದಿಂದಲೇ.

ಇನ್ನು ರೈಲಿನ ಮಾತು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಗಾಡಿ ಓಡಿತಷ್ಟೆ. ಅಲ್ಲಿಂದ ಮುಂದೆ ಭೋರ್ ಘಾಟಿಯೆಂಬ ಗೋಡೆ ಎದುರಾಯಿತು. 1856ರಿಂದ 1863ರವರೆಗೆ ಆ ಘಾಟಿಯನ್ನು ಕೊರೆದು ಕಟ್ಟುವಾಗ ಸಹಸ್ರಾರು ಕೂಲಿಗಾರರು ಪ್ರಾಣ ತೆತ್ತರು. ಅತ್ತ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಪುಣೆ, ಸೊಲ್ಲಾಪುರ, ಅಕ್ಕಲಕೋಟೆ ಸೀಮೆ, ಕಲಬುರ್ಗಿಗಳನ್ನು ಹಾಯ್ದು ದಕ್ಷಿಣಕ್ಕೆ ಇಳಿಯುತ್ತಿತ್ತು. ಇತ್ತ ಮದರಾಸ್ ರೈಲ್ವೆಯು ಅರಕೋಣದಿಂದ ಕಡಪ, ಗುಂತಕಲ್ಲು, ಆದವಾನಿಗಳ ಮೇಲೆ ಉತ್ತರಕ್ಕೆ ಏರುತ್ತಿತ್ತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿದವು. ಎರಡು ತಿಂಗಳ ದಾರಿ ಎರಡು ದಿನಗಳ ಆಸುಪಾಸಿಗೆ ಬಂದಿತು. ಸೊಲ್ಲಾಪುರದ ಕನ್ನಡಿಗನೂ ಆದವಾನಿಯ ಕನ್ನಡಿಗನೂ ಒಂದೇ ಗಾಡಿಯಲ್ಲಿ ಎದುರುಬದುರು ಕುಳಿತುಕೊಳ್ಳುವಂತಾದದ್ದು ಆಗಲೇ. ಆದವಾನಿಯ ಹತ್ತಿ ಮುಂಬಯಿಯ ಗಿರಣಿಗಳಿಗೆ ಹೋದದ್ದು, ನಮ್ಮ ಪೇಟೆ ಪೇಟೆಯೆನಿಸಿಕೊಂಡದ್ದು ಈ ಕಂಬಿಗಳ ದೆಸೆಯಿಂದ.

ಆದರೂ ಕಂಬಿ ಹಾಕಿದ ಮಾತ್ರಕ್ಕೆ ದೂರ ಅಳಿಯಿತೆಂದು ಹೇಳಲು ನಮಗೆ ಬಾಯಿ ಬಾರದು. ಐದೇ ವರ್ಷಗಳ ಅನಂತರ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಬರ ಬಂದಿತು. ಬಳ್ಳಾರಿ ಜಿಲ್ಲೆಯು ಆ ಬರಕ್ಕೆ ಅತ್ಯಂತ ಹೆಚ್ಚಾಗಿ ತುತ್ತಾದ ಜಿಲ್ಲೆಗಳಲ್ಲೊಂದು. ಆದವಾನಿ, ಆಲೂರು, ರಾಯದುರ್ಗಗಳು ಆಗ ಅದೇ ಜಿಲ್ಲೆಯಲ್ಲಿದ್ದವು. ಮದರಾಸಿನ ಬಂದರಿನಲ್ಲಿ ಇಳಿದ ಧಾನ್ಯ ರೈಲಿನಲ್ಲಿ ನಮ್ಮ ನಿಲ್ದಾಣಗಳಿಗೆ ಬರುತ್ತಿತ್ತು, ನಿಜ. ಆದರೆ ಕೊಳ್ಳುವ ಕಾಸು ಇಲ್ಲದವನಿಗೆ ನಿಲ್ದಾಣದ ಅಂಗಳದಲ್ಲಿ ಬಿದ್ದ ಮೂಟೆಯೂ ಮದರಾಸಿನಷ್ಟೇ ದೂರ. ಕಂಬಿಯ ಎರಡೂ ಪಕ್ಕಗಳಲ್ಲಿ ಜನ ಸತ್ತರು.

ಗಡಿಯಾರದ ವಿಷಯವಾಗಿ ಇಲ್ಲೊಂದು ಸಂಗತಿಯನ್ನು ಹೇಳಬೇಕು. ಮುಂಬಯಿಗಿಂತ ಮದರಾಸಿನಲ್ಲಿ ಸೂರ್ಯನು ಸುಮಾರು ಅರ್ಧ ತಾಸು ಮೊದಲೇ ನೆತ್ತಿಗೇರುತ್ತಾನೆ. ಅಂದಿನ ಕಾಲದಲ್ಲಿ ಊರಿಗೊಂದು ಹೊತ್ತು. ಗ್ರೀನಿಚ್ಚಿಗೆ ಮುಂಬಯಿಯ ಹೊತ್ತು 4 ತಾಸು 51 ಮಿನಿಟು ಮುಂದೆ, ಮದರಾಸಿನದು 5 ತಾಸು 21 ಮಿನಿಟು ಮುಂದೆ. ರೈಲುಗಳೆಲ್ಲ ಮದರಾಸಿನ ಹೊತ್ತನ್ನು ಹಿಡಿದು ಓಡುತ್ತಿದ್ದುದರಿಂದ ಮುಂಬಯಿಯವನು ತನ್ನ ಮನೆಯ ಗಡಿಯಾರವನ್ನು ನಂಬಿ ಸ್ಟೇಷನ್ನಿಗೆ ಬಂದರೆ ಗಾಡಿ ಹೊರಟು ಅರ್ಧ ತಾಸಾಗಿರುತ್ತಿತ್ತು. 1906ರಲ್ಲಿ ಇಡೀ ದೇಶಕ್ಕೆ ಐದೂವರೆ ತಾಸಿನ ಒಂದೇ ಹೊತ್ತು ಗೊತ್ತಾಯಿತಾದರೂ ಮುಂಬಯಿಯ ಜನ ತಮ್ಮ ಹಳೆಯ ಹೊತ್ತನ್ನು 1955ರವರೆಗೂ ಹಟಹಿಡಿದು ಉಳಿಸಿಕೊಂಡಿದ್ದರು. ಎರಡು ಊರುಗಳ ನಡುವಣ ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದರೆ ಯಾರ ಗಡಿಯಾರದಲ್ಲಿ ಎಂಬ ಮರುಪ್ರಶ್ನೆ ಹಾಸ್ಯಕ್ಕೆ ಕೇಳುವ ಪ್ರಶ್ನೆಯಾಗಿರಲಿಲ್ಲ.

ಈಗ ಆಕಾಶಕ್ಕೆ ಏರೋಣ. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಆರು ಮೈಲಿಯಷ್ಟು ದೂರ ಆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಆರು ಸಾವಿರಕ್ಕೂ ಹೆಚ್ಚು ಕಾಗದಗಳನ್ನು ಹೊತ್ತು ಹಾರಿದನು. ಲೋಕದಲ್ಲಿ ವಿಮಾನದಿಂದ ಸರಕಾರಿ ಟಪಾಲು ಹೋದದ್ದು ಅದೇ ಮೊದಲೆಂದು ಎಣಿಕೆ. ಅದು ಒಂದು ಪ್ರದರ್ಶನದ ಸೊಬಗು. ನಿತ್ಯದ ಕೆಲಸವಾಗಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್ನಿನಿಂದ ಕರಾಚಿಗೆ ವಾರದ ಸೇವೆಯನ್ನು ಆರಂಭಿಸಿತು. ದೂರ ಸುಮಾರು 5,000 ಮೈಲಿ, ಕಾಲ ಏಳು ದಿನ, ಪ್ರಯಾಣದ ದರ 130 ಪೌಂಡು. ಈ ಏಳು ದಿನಗಳ ಪ್ರಯಾಣವನ್ನು ಕೇಳಿದರೆ ನಗು ಬಂದೀತು. ಕ್ರಾಯ್ಡನ್ನಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲಿಗೆ ವಿಮಾನ. ಅಲ್ಲಿ ಇಳಿದು ಇಟಲಿಯ ಜಿನೋವಕ್ಕೆ ರೈಲು. ಅಲ್ಲಿಂದ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಮೆಡಿಟರೇನಿಯನ್ನನ್ನು ದಾಟಿ ಅಲೆಗ್ಸಾಂಡ್ರಿಯ. ಮತ್ತೆ ನೆಲದ ವಿಮಾನದಲ್ಲಿ ಬಾಗದಾದು, ಬಸ್ರಾ, ಪರ್ಷಿಯದ ಕರಾವಳಿ, ಗ್ವಾದರ್, ಕರಾಚಿ. ನಡುವೆ ರೈಲು ಏಕೆ ಬಂತೆಂದರೆ ಆ ಭಾಗದ ಆಕಾಶವನ್ನು ದಾಟಲು ರಾಜ್ಯರಾಜ್ಯಗಳ ನಡುವೆ ಒಪ್ಪಂದ ಕೂಡಿಬಂದಿರಲಿಲ್ಲ. ಮೂರು ವರ್ಷಗಳ ಮೇಲೆ, 1932ರ ಅಕ್ಟೋಬರಿನಲ್ಲಿ, ಪರ್ಷಿಯದವರ ಅನುಮತಿ ಮುಗಿದುದರಿಂದ ದಾರಿಯು ಕೊಲ್ಲಿಯ ಆಚೆಯ ದಡಕ್ಕೆ ಸರಿದು ಬಹ್ರೇನ್, ಶಾರ್ಜಾಗಳ ಮೇಲೆ ಬರತೊಡಗಿತು. ಹಕ್ಕಿಗೆ ಆಕಾಶದಲ್ಲಿ ಗಡಿಯಿಲ್ಲವೆಂದು ಕವಿಗಳು ಹೇಳುತ್ತಾರೆ. ವಿಮಾನಕ್ಕೆ ಮೊದಲ ದಿನದಿಂದಲೂ ಇದೆ.

ಕರಾಚಿಗೆ ಬಂದಿಳಿದ ಟಪಾಲನ್ನು ಮುಂಬಯಿಗೂ ಮದರಾಸಿಗೂ ವಿಮಾನದಲ್ಲಿಯೇ ಮುಟ್ಟಿಸಬೇಕೆಂಬ ಯೋಚನೆ ನೆವಿಲ್ ವಿನ್ಸೆಂಟ್ ಎಂಬ ಮಾಜಿ ಸೈನಿಕ ವೈಮಾನಿಕನದು. ಅದನ್ನು ಕೈಗೆತ್ತಿಕೊಂಡವರು ಜೆ. ಆರ್. ಡಿ. ಟಾಟಾ. 1904ರಲ್ಲಿ ಹುಟ್ಟಿದ ಅವರು 1929ರ ಫೆಬ್ರವರಿಯಲ್ಲಿ ಭಾರತದಲ್ಲಿ ಕೊಡಲ್ಪಟ್ಟ ಮೊದಲನೆಯ ವೈಮಾನಿಕ ಪರವಾನಗಿಯನ್ನು ಪಡೆದಿದ್ದರು. ಸರಕಾರವು ಮೊದಲು ಒಪ್ಪಲಿಲ್ಲ. ಕೊನೆಗೆ ಸಹಾಯಧನವನ್ನು ಕೇಳದೆ, ಸಾಗಿಸಿದ ಟಪಾಲಿನ ತೂಕಕ್ಕೆ ತಕ್ಕ ಕೂಲಿಯಷ್ಟನ್ನೇ ಪಡೆಯುವೆವೆಂದ ಮೇಲೆ 1932ರಲ್ಲಿ ಹತ್ತು ವರ್ಷಗಳ ಕರಾರು ಆಯಿತು.

ಆ ವರ್ಷದ ಅಕ್ಟೋಬರ್ 15ರ ಬೆಳಗ್ಗೆ ಆರೂವರೆಯ ಸುಮಾರಿಗೆ ಕರಾಚಿಯ ಡ್ರಿಗ್ ರೋಡ್ ನೆಲೆಯಿಂದ ಟಾಟಾ ಅವರು ತಾವೇ ವಿಮಾನವನ್ನು ಏರಿ ಹೊರಟರು. ಅದು ಪುಸ್ ಮಾತ್ ಎಂಬ ಜಾತಿಯ, ಒಂದೇ ಎಂಜಿನಿನ ಪುಟ್ಟ ವಿಮಾನ. 120 ಅಶ್ವಶಕ್ತಿ, ತಾಸಿಗೆ ನೂರು ಮೈಲಿಯ ವೇಗ. ಇಂದಿನ ಒಂದು ಮೋಟಾರು ಕಾರಿನ ಶಕ್ತಿಗಿಂತ ಅದರ ಶಕ್ತಿ ಹೆಚ್ಚಿನದಲ್ಲ. ನೆಲದವರೊಡನೆ ಮಾತನಾಡಲು ರೇಡಿಯೊ ಇಲ್ಲ. ಒಳಗಿದ್ದ ಟಪಾಲಿನ ತೂಕ ಸುಮಾರು 25 ಕಿಲೋ, ಒಂದು ಸಣ್ಣ ಜೋಳದ ಚೀಲದಷ್ಟು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲಿನ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಅಲ್ಲಿ ಎಣ್ಣೆ ತುಂಬಿಸಿಕೊಂಡು, ಮಧ್ಯಾಹ್ನ ಎರಡು ಹೊಡೆಯುವ ಮೊದಲೇ ಮುಂಬಯಿಯ ಜುಹೂ ಬಯಲಿನಲ್ಲಿ ಅವರು ಇಳಿದರು. ಅಲ್ಲಿ ಕಾದಿದ್ದ ವಿನ್ಸೆಂಟನು ದಕ್ಷಿಣದ ಟಪಾಲನ್ನು ತೆಗೆದುಕೊಂಡು ಹೊರಟನು.

ಅವನು ಹೊರಟದ್ದು ಬಳ್ಳಾರಿಗೆ. ರಾತ್ರಿಯನ್ನು ಬಳ್ಳಾರಿಯಲ್ಲಿ ಕಳೆದು ಮರುದಿನ, ಅಕ್ಟೋಬರ್ 16ರಂದು, ಮದರಾಸನ್ನು ಮುಟ್ಟಿದನು. ಭಾರತದ ಮೊತ್ತಮೊದಲ ನಿಯತ ವಿಮಾನಮಾರ್ಗಗಳಲ್ಲೊಂದು ಕರಾಚಿ, ಅಹಮದಾಬಾದು, ಮುಂಬಯಿ, ಬಳ್ಳಾರಿ, ಮದರಾಸು ಎಂಬೀ ಐದು ಊರುಗಳದು. ಅದರಲ್ಲಿ ಕನ್ನಡದ ಊರು ಒಂದಿತ್ತೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳಬಹುದು. ಬೆಂಗಳೂರಲ್ಲ, ಮೈಸೂರಲ್ಲ, ಬಳ್ಳಾರಿ!

ಬಳ್ಳಾರಿಯೇ ಏಕೆ? ಮತ್ತೆ ಆ ದಾರದ ಕಡೆಗೆ ನೋಡಬೇಕು. ಮುಂಬಯಿಯಿಂದ ಬಳ್ಳಾರಿಗೆ ನೇರವಾಗಿ ಸುಮಾರು 610 ಕಿಲೋಮೀಟರು, ಬಳ್ಳಾರಿಯಿಂದ ಮದರಾಸಿಗೆ ಸುಮಾರು 430. ಕೂಡಿಸಿದರೆ 1,040. ಬಳ್ಳಾರಿಯಲ್ಲಿ ಇಳಿದು ಹೋಗುವುದರಿಂದ ಆಗುವ ಸುತ್ತು ಹತ್ತು ಕಿಲೋಮೀಟರಿಗೂ ಮೀರದು. ಒಂದೇ ಉಸುರಿಗೆ 640 ಮೈಲಿ ಹಾರಲಾರದ ಆ ಪುಟ್ಟ ವಿಮಾನಕ್ಕೆ ದಾರಿಯ ನಡುವೆ ಎಣ್ಣೆ, ನೀರು, ನಿದ್ರೆಗಳಿಗೆ ಇದಕ್ಕಿಂತ ಅನುಕೂಲವಾದ ಊರು ಇರಲಿಲ್ಲ. ಪಟಾಲಮುಗಳಿದ್ದ ದಂಡಿನ ಊರು, ಮರಗಿಡಗಳಿಲ್ಲದ ವಿಶಾಲವಾದ ಎರೆಯ ಬಯಲು, ಮಳೆ ಕಡಿಮೆ. ಕಣ್ಣಿನಿಂದ ನೆಲವನ್ನು ಗುರುತಿಸಿಕೊಂಡೇ ಹಾರುತ್ತಿದ್ದ ಕಾಲದಲ್ಲಿ ಬಯಲಿನ ನಡುವೆ ಎದ್ದುನಿಂತ ಬಳ್ಳಾರಿಯ ಎರಡು ಬೋಳು ಬಂಡೆಗುಡ್ಡಗಳು ವೈಮಾನಿಕನಿಗೆ ಬೇಕಾದ ಗುರುತೇ ಆಗಿರಬೇಕು. ಮುಂಬಯಿಯ ಜುಹೂ ಬಯಲಾದರೋ ಮಳೆಗಾಲದಲ್ಲಿ ಕೆಸರುಗದ್ದೆಯಾಗಿ, ವಿಮಾನಗಳು ಪುಣೆಗೆ ಹೋಗಬೇಕಾಗುತ್ತಿತ್ತು.

ಕಾಲದ ಲೆಕ್ಕವನ್ನು ನೋಡಿದರೆ, ಲಂಡನ್ನಿನಲ್ಲಿ ಬರೆದ ಕಾಗದ ಹಡಗು ರೈಲುಗಳಲ್ಲಿ ಮದರಾಸಿಗೆ ಬರಲು ಎರಡು ವಾರಕ್ಕೂ ಮಿಕ್ಕಿ ಹಿಡಿಯುತ್ತಿದ್ದುದು ಈಗ ಒಂಬತ್ತು ಹತ್ತು ದಿನಗಳಿಗೆ ಇಳಿಯಿತು. 1933ರಲ್ಲಿ, ಸೇವೆಯ ಮೊದಲ ಪೂರ್ಣ ವರ್ಷದಲ್ಲಿ, ಟಾಟಾ ವಿಮಾನಗಳು 1,60,000 ಮೈಲಿ ಹಾರಿ 155 ಮಂದಿ ಪ್ರಯಾಣಿಕರನ್ನು ಸಾಗಿಸಿದವು. ವಾರಕ್ಕೆ ಮೂವರಂತೆ ಲೆಕ್ಕ. ಅವರು ಟಪಾಲಿನ ಚೀಲಗಳ ಜೊತೆಗೆ ಕಾಲು ಮುದುರಿಕೊಂಡು ಕುಳಿತಿದ್ದವರು.

ಆದರೆ ಬಳ್ಳಾರಿಯ ಈ ಭಾಗ್ಯ ಬಹಳ ಕಾಲ ನಿಲ್ಲಲಿಲ್ಲ. ಮುಂದೆ ಮಾರ್ಗವು ಹೈದರಾಬಾದಿನ ಮೇಲೆ ತಿರುಗಿತು. ಹೈದರಾಬಾದಿನ ಮೇಲೆ ಹೋದರೆ ದೂರ ನೂರು ಕಿಲೋಮೀಟರಿಗೂ ಹೆಚ್ಚು ಸುತ್ತು. ಆದರೆ ನಿಜಾಮರ ರಾಜಧಾನಿ, ಟಪಾಲೂ ಪ್ರಯಾಣಿಕರೂ ಅಲ್ಲಿ ಹೆಚ್ಚು. ವಿಮಾನದ ಶಕ್ತಿ ಬೆಳೆದಂತೆಲ್ಲ ನೂರು ಕಿಲೋಮೀಟರು ಒಂದು ಸುತ್ತಾಗಿ ತೋರಲಿಲ್ಲ. ನೇರದಾರಿಯ ಮೇಲಿನ ಬಡ ಊರಿಗಿಂತ ಪಕ್ಕದ ಸಿರಿವಂತ ಊರು ಹತ್ತಿರವಾಗುವುದು ವ್ಯಾಪಾರದ ಭೂಗೋಳ. 1935ರಲ್ಲಿ ಮುಂಬಯಿಯಿಂದ ಗೋವೆ, ಕಣ್ಣಾನೂರುಗಳ ಮೇಲೆ ತಿರುವನಂತಪುರಕ್ಕೆ ಬೇರೊಂದು ದಾರಿ ತೆರೆಯಿತು. ಆಗ ಮಂಗಳೂರು, ಕಾಸರಗೋಡುಗಳ ಕರಾವಳಿಯವರು ತಮ್ಮ ನೆತ್ತಿಯ ಮೇಲೆ ವಿಮಾನವನ್ನು ಕಂಡಿರಬೇಕು. ವಿನ್ಸೆಂಟನು 1942ರಲ್ಲಿ ಯುದ್ಧದ ಸಮಯದಲ್ಲಿ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಮಡಿದನು. ನಮ್ಮ ಜಿಲ್ಲೆಯ ನೆಲಕ್ಕೆ ಮೊದಲ ವಿಮಾನ ಟಪಾಲನ್ನು ತಂದಿಳಿಸಿದ ಅವನ ಹೆಸರನ್ನು ನಮ್ಮ ಮಕ್ಕಳ ಯಾವ ಪಾಠದಲ್ಲಿಯೂ ನಾವು ಕಂಡಿಲ್ಲ.

ಸ್ವಾತಂತ್ರ್ಯ ಬಂದಾಗ ಈ ಮಾರ್ಗದ ತಲೆಯೇ ಕಡಿದುಹೋಯಿತು. ಕರಾಚಿಯಿಂದ ಮುಂಬಯಿಗೆ ನೇರವಾಗಿ 880 ಕಿಲೋಮೀಟರು. ಮುಂಬಯಿಯಿಂದ ಮದರಾಸು ಇರುವುದಕ್ಕಿಂತ ಹತ್ತಿರ. ಆದರೆ 1947ರ ಆಗಸ್ಟಿನ ಮೇಲೆ ಅದು ಪರದೇಶ. ಕೆಲವು ವರ್ಷ ವಿಮಾನ ಓಡುವುದು, ಕೆಲವು ವರ್ಷ ನಿಲ್ಲುವುದು ಎಂಬಂತೆ ಆ ದಾರಿಯ ಬಾಳು ನಡೆಯಿತು. 1982ರ ಅಕ್ಟೋಬರ್ 15ರಂದು, ಐವತ್ತು ವರ್ಷ ತುಂಬಿದ ದಿನ, ಎಪ್ಪತ್ತೆಂಟು ವರ್ಷದ ಟಾಟಾ ಅವರು ಅಂಥದೇ ಒಂದು ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಒಬ್ಬರೇ ಮತ್ತೆ ಹಾರಿಬಂದರು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿದಾಗ, ಮತ್ತೆ 2025ರ ಏಪ್ರಿಲಿನಲ್ಲಿ ಎರಡು ದೇಶಗಳೂ ಒಂದರ ವಿಮಾನಗಳಿಗೆ ಇನ್ನೊಂದು ಆಕಾಶವನ್ನು ಮುಚ್ಚಿದಾಗ, ದಿಲ್ಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಬಳಸಿಕೊಂಡು ಹೋಗಬೇಕಾಯಿತು. ಊರುಗಳು ಇದ್ದಲ್ಲಿಯೇ ಇದ್ದವು, ದೂರ ಬೆಳೆಯಿತು. 1932ರಲ್ಲಿ ಪರ್ಷಿಯದ ಕರಾವಳಿಯನ್ನು ಬಿಟ್ಟು ಸರಿದವರ ಕತೆಯೇ ಇದು.

ಇತ್ತ ಮುಂಬಯಿ ಮದರಾಸುಗಳ ನಡುವೆ ಕಾಲವು ಕುಗ್ಗುತ್ತ ಬಂದಿತು. 1949ರ ಜನವರಿ 30ರಿಂದ ರಾತ್ರಿಯ ವಿಮಾನ ಟಪಾಲು ಆರಂಭವಾಯಿತು. ಮುಂಬಯಿ, ಮದರಾಸು, ಕಲ್ಕತ್ತೆ, ದಿಲ್ಲಿಗಳಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿಯಲ್ಲಿ ನಾಗಪುರದಲ್ಲಿ ಕೂಡಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ಮರಳುತ್ತಿದ್ದವು. ಸಂಜೆ ಬರೆದ ಕಾಗದ ಮರುದಿನವೇ ಕೈಸೇರುವಂತಾಯಿತು. 1953ರ ಆಗಸ್ಟ್ 1ರಂದು ದೇಶದೊಳಗಿನ ವಿಮಾನ ಸಂಸ್ಥೆಗಳೆಲ್ಲ ಇಂಡಿಯನ್ ಏರ್‌ಲೈನ್ಸ್ ಎಂದು ಒಂದಾದವು. ಆಗಿನ ಡಕೋಟಾ ವಿಮಾನಕ್ಕೆ ತಾಸಿಗೆ 270 ಕಿಲೋಮೀಟರಿನ ವೇಗ. ನಡುವೆ ಎಲ್ಲಿಯೂ ಇಳಿಯದಿದ್ದರೆ ಈ ದೂರಕ್ಕೆ ನಾಲ್ಕು ತಾಸು. 1957ರಲ್ಲಿ ವೈಕೌಂಟ್ ಬಂದು ಅದನ್ನು ಎರಡೂವರೆ ತಾಸಿನ ಹತ್ತಿರಕ್ಕೆ ತಂದಿತು. 1964ರಲ್ಲಿ ಕ್ಯಾರವೆಲ್ ಎಂಬ ಜೆಟ್ ವಿಮಾನ ಬಂದಿತು. ಅದರ ವೇಗ ತಾಸಿಗೆ 800 ಕಿಲೋಮೀಟರಿನ ಸುಮಾರು. ಅಲ್ಲಿಗೆ ಎರಡು ತಾಸಿನೊಳಗೆ ದಾಟುವ ದಾರಿಯಾಯಿತು.

ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಾಡಿಯಿಂದ ರೈಲಿಗೆ, ರೈಲಿನಿಂದ ಪುಸ್ ಮಾತ್‌ಗೆ, ಅದರಿಂದ ಜೆಟ್ಟಿಗೆ, ನೂರು ವರ್ಷಗಳೊಳಗೆ ಎರಡು ತಿಂಗಳು ಎರಡು ತಾಸಾಯಿತು. ಅಲ್ಲಿಂದೀಚೆಗೆ ಅರುವತ್ತು ವರ್ಷ ಕಳೆದರೂ ಆ ಎರಡು ತಾಸು ಹಾಗೆಯೇ ನಿಂತಿದೆ. ಇಂದು ಮುಂಬಯಿಯಿಂದ ಚೆನ್ನೈಗೆ ವಿಮಾನದವರು ಕೊಡುವ ಹೊತ್ತು ಎರಡು ತಾಸಿನ ಆಸುಪಾಸೇ. ದೂರವನ್ನು ವೇಗದಿಂದ ಭಾಗಿಸಿದರೆ ಒಂದು ತಾಸು ಇಪ್ಪತ್ತು ಮಿನಿಟು ಸಾಕು. ಉಳಿದದ್ದು ನೆಲದ ಮೇಲೆ ಸರತಿಗಾಗಿ ತೆವಳುವುದಕ್ಕೆ, ಮೇಲೇರುವುದಕ್ಕೆ, ಇಳಿಯಲು ಅಪ್ಪಣೆಯಾಗುವ ತನಕ ಸುತ್ತುವುದಕ್ಕೆ. ವಿಮಾನವೂ ನಮ್ಮ ದಾರದಂತೆ ನೇರವಾಗಿ ಹೋಗುವುದಿಲ್ಲ. ಆಕಾಶದಲ್ಲಿಯೂ ಗೊತ್ತುಮಾಡಿದ ದಾರಿಗಳುಂಟು, ಬಿಟ್ಟು ಹೋಗಬೇಕಾದ ಪ್ರದೇಶಗಳುಂಟು. ವೇಗವನ್ನು ಇನ್ನೂ ಹೆಚ್ಚಿಸಿದರೆ ಗಾಳಿಯ ತಡೆ ಮೇಲೆ ಬಿದ್ದು ಎಣ್ಣೆಯ ಖರ್ಚು ಏರುತ್ತದೆ. ಆದುದರಿಂದ ವಿಮಾನಗಳು ವೇಗವನ್ನು ಬಿಟ್ಟು ಮಿತವ್ಯಯವನ್ನು ಹಿಡಿದವು. ರೈಲಾದರೋ 1,280 ಕಿಲೋಮೀಟರನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ಓಡುತ್ತದೆ. ಅದಿನ್ನೂ ಆದವಾನಿಯಲ್ಲಿ ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಸೀಮೆಯ ಲೆಕ್ಕವನ್ನೂ ಹೇಳಿಬಿಡಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯು ಎರಡಾಯಿತು. ಬಳ್ಳಾರಿಯೂ ಅದರ ಸುತ್ತಣ ತಾಲ್ಲೂಕುಗಳೂ ಮೈಸೂರನ್ನು ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಉಳಿದವು. ಅಂದಿನಿಂದ ನಮ್ಮ ಜಿಲ್ಲೆಯ ಊರು ಬಳ್ಳಾರಿಯಲ್ಲ. ಆದರೆ ಕನ್ನಡದಲ್ಲಿ ಓದಿದ ನಮ್ಮ ಹುಡುಗರು ಕಾಲೇಜೆಂದರೆ ಮುಖ ಮಾಡುವುದು ಬಳ್ಳಾರಿಯ ಕಡೆಗೇ. ಮಗಳನ್ನು ಕೊಡುವುದು, ತರುವುದು, ಆಸ್ಪತ್ರೆ, ಪುಸ್ತಕ, ಎಲ್ಲಕ್ಕೂ ಅದೇ. ಅಲ್ಲಿ ನಮ್ಮ ಮಕ್ಕಳು ಹೊರರಾಜ್ಯದವರು. ಇಲ್ಲಿ ನಮ್ಮ ಕಛೇರಿಗಳಲ್ಲಿ ಹೊರನುಡಿಯವರು. ನೇರವಾಗಿ ಅಳೆದರೆ ಆದವಾನಿಯಿಂದ ಬಳ್ಳಾರಿಗೆ 65 ಕಿಲೋಮೀಟರು. ರೈಲಿನಲ್ಲಾದರೆ ಗುಂತಕಲ್ಲಿನ ಮೇಲೆ ಸುತ್ತಿ ಸುಮಾರು ನೂರು.

ವಿಮಾನಗಳು ಕೂಡ ನಮ್ಮ ಸುತ್ತಣ ನೆಲಕ್ಕೆ ಮರಳಿ ಬರುತ್ತಿವೆ. 2017ರಲ್ಲಿ ತೋರಣಗಲ್ಲಿನ ವಿದ್ಯಾನಗರದಿಂದ ಹೈದರಾಬಾದಿಗೆ ಸೇವೆ ಆರಂಭವಾಯಿತು; 2019ರ ನವೆಂಬರಿನಲ್ಲಿ ಕಲಬುರ್ಗಿಯ ನಿಲ್ದಾಣ ತೆರೆಯಿತು; 2021ರ ಮಾರ್ಚಿನಲ್ಲಿ ಕರ್ನೂಲಿನ ಬಳಿಯ ಓರ್ವಕಲ್ಲಿನಿಂದ ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಗಳಿಗೆ ವಿಮಾನ ಹಾರಿತು. ಆದವಾನಿಯಿಂದ ಓರ್ವಕಲ್ಲು ನೂರು ಕಿಲೋಮೀಟರಿಗೂ ಹೆಚ್ಚು. ಹೈದರಾಬಾದು ರಸ್ತೆಯಲ್ಲಿ ಐದಾರು ತಾಸಿನ ದಾರಿ. ನಮ್ಮ ಊರಿನವನೊಬ್ಬನು ವಿಮಾನದಲ್ಲಿ ಮುಂಬಯಿಗೆ ಹೋಗಬೇಕೆಂದರೆ ಅಲ್ಲಿಗೆ ಹೋಗಿ, ಎರಡು ತಾಸು ಮೊದಲೇ ಸರತಿಯಲ್ಲಿ ನಿಂತು, ಆಮೇಲೆ ಹಾರಿ, ಮನೆ ಬಿಟ್ಟ ಹತ್ತು ತಾಸಿನ ಮೇಲೆ ಇಳಿಯಬೇಕು. ರೈಲಿನಲ್ಲಿ ಹೋದರೆ ಅದು ಒಂದು ರಾತ್ರಿಯ ದಾರಿ, ಮತ್ತು ಮಲಗಿಕೊಂಡು ಹೋಗಬಹುದು.

ಈ ಸಾಲುಗಳನ್ನು ಬರೆಯುವ ಮೊದಲು ಆ ದಾರದ ಪರೀಕ್ಷೆಯನ್ನು ಒಂದು ಶಾಲೆಯಲ್ಲಿ ಮಕ್ಕಳ ಕೈಯಿಂದಲೇ ಮಾಡಿಸಿದೆವು. ದಾರವು ಆಲೂರಿನ ಪಕ್ಕದಲ್ಲಿ ಹಾಯ್ದುದನ್ನು ಕಂಡು ಮಕ್ಕಳಿಗೆ ಬಹಳ ಸಂತೋಷವಾಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಆ ಪುಸ್ ಮಾತ್ ವಿಮಾನವಾಗಿದ್ದರೆ ಇಲ್ಲಿಂದ ಬಳ್ಳಾರಿಗೆ ಎಷ್ಟು ಹೊತ್ತೆಂದು ಕೇಳಿದಳು. ತಾಸಿಗೆ 160 ಕಿಲೋಮೀಟರು, ದೂರ 65. ಹಲಗೆಯ ಮೇಲೆ ಅವಳೇ ಲೆಕ್ಕ ಮಾಡಿ ಇಪ್ಪತ್ತನಾಲ್ಕು ಮಿನಿಟು ಎಂದು ಬರೆದಳು. ಅವಳ ಅಣ್ಣನು ಬಳ್ಳಾರಿಯಲ್ಲಿ ಓದುತ್ತಿರುವನಂತೆ. ಶನಿವಾರ ಮಧ್ಯಾಹ್ನ ಹೊರಟವನು ಮನೆಗೆ ಬರುವುದು ದೀಪ ಹಚ್ಚಿದ ಮೇಲೆ.